ಎರಡು ಬಾಗಿಲಿನ ಕಾರು

ನಮ್ಮ ಮನೆಯ ಕಾರು ಕೊಟ್ಟಿಗೆಯಲ್ಲಿರುತ್ತಿತ್ತು. ಮೊದಲು ಎಮ್ಮೆಗಳು, ಆಮೇಲೆ ಉಳುವ ಎತ್ತಿನ ಜೋಡಿ, ಅದರ ಪಕ್ಕ ಬಿದಿರಿನ ತಡಿಕೆ, ತಡಿಕೆಯ ಆಚೆ ಕಾರು. ತಮಿಳುನಾಡಿನ ಮಡತ್ತುಕುಳದ ಹತ್ತಿರ, ಅಮರಾವತಿ ಕಾಲುವೆಯ ನೀರು ಕುಡಿಯುವ ಕಬ್ಬಿನ ಗದ್ದೆಗಳ ನಡುವೆ ಕನ್ನಡ ಮಾತಾಡುವ ನಮ್ಮ ಮನೆ. ಕಾರಿಗೆ ಬೇರೆ ಜಾಗ ಕಟ್ಟಿಸಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಆನೆಮಲೆ ಬೆಟ್ಟದ ಟೀ ಎಸ್ಟೇಟಿನಲ್ಲಿದ್ದ ಬಿಳಿ ದೊರೆಯೊಬ್ಬ ತನ್ನ ಊರಿಗೆ ಹೊರಟಾಗ, ಅವನಿಗೆ ಬೆಲ್ಲ, ತರಕಾರಿ ಸಾಗಿಸುತ್ತಿದ್ದ ನಮ್ಮ ತಾತ ಅದನ್ನು ಕೊಂಡು ತಂದರಂತೆ. ಅಮೆರಿಕದ ಕಾರು. ಎರಡೇ ಬಾಗಿಲು, ಒಂದೊಂದೂ ಉಗ್ರಾಣದ ಕದದಷ್ಟು ಅಗಲ. ಮುಂದೆ ಮಂಚದಂಥ ಒಂದೇ ಸೀಟು, ಹಿಂದೆ ಜೀರುಂಡೆಯ ಬೆನ್ನಿನ ಹಾಗೆ ಇಳಿಜಾರು. ಸ್ಟಿಯರಿಂಗು ಎಡಗಡೆ. ಬಣ್ಣ ಕಡು ಹಸಿರು, ಎಮ್ಮೆಯ ಮೈ ನೀರಿನಲ್ಲಿ ಹೊಳೆಯುವ ಹಾಗೆ ಹೊಳೆಯುತ್ತಿತ್ತು. ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಒಂದು ಸಾಲು ಜನ. ಕಾರಿನಲ್ಲಿ ಹಿಡಿಯುವುದು ಮೂವರು. ಅದಕ್ಕೇ ಅದರಲ್ಲಿ ಯಾರೂ ಎಲ್ಲಿಗೂ ಹೋಗುತ್ತಿರಲಿಲ್ಲ. ಮದುವೆ ಮುಂಜಿಗೆ ಗಾಡಿ ಕಟ್ಟುತ್ತಿದ್ದರು, ಇಲ್ಲದಿದ್ದರೆ ಬಸ್ಸು.

ತಾತ ಹೊಲ ನೋಡಿಕೊಳ್ಳುವ ಜವಾಬ್ದಾರಿಯನ್ನು ದೊಡ್ಡಪ್ಪನಿಗೆ ಕೊಟ್ಟು, ಕಾರನ್ನು ನಮ್ಮಪ್ಪನಿಗೆ ಕೊಟ್ಟಿದ್ದರು. ಅಪ್ಪ ಕೇಳಿದ್ದು ಅದೊಂದನ್ನೇ. ಬೆಳಿಗ್ಗೆ ಎತ್ತುಗಳ ಮೈ ಉಜ್ಜಿದ ಮೇಲೆ ಅಪ್ಪ ಕಾರಿನ ಮೈ ಉಜ್ಜುತ್ತಿದ್ದರು, ಹಳೆಯ ಪಂಚೆ ಹರಿದು ಮಾಡಿದ ಬಟ್ಟೆಯಲ್ಲಿ. ತಿಂಗಳಿಗೊಮ್ಮೆ ಜೇನುಮೇಣ. ಪೊಂಗಲ್ ಮಾರನೆಯ ದಿನ, ದನಗಳ ಹಬ್ಬಕ್ಕೆ, ಎತ್ತಿನ ಕೊಂಬಿಗೆ ಬಣ್ಣ ಬಳಿದು ಉಳಿದ ಅರಿಶಿನ ಕುಂಕುಮ ಕಾರಿನ ನೆತ್ತಿಗೆ ಹೋಗುತ್ತಿತ್ತು. ಎಮ್ಮೆಗೊಂದು ಹಾರ, ಎತ್ತಿಗೊಂದು, ಕಾರಿಗೊಂದು. ಅಜ್ಜಿ ಎಲ್ಲರಿಗೂ ಒಂದೇ ತಟ್ಟೆಯಿಂದ ಆರತಿ ಎತ್ತುತ್ತಿದ್ದಳು. ಹಬ್ಬದ ಪೊಂಗಲನ್ನು ದನಗಳ ಬಾಯಿಗೆ ಕೊಟ್ಟು, ಕಾರಿನ ಮುಂದೆ ಎಲೆಯ ಮೇಲೆ ಒಂದು ಹಿಡಿ ಇಡುತ್ತಿದ್ದಳು. ಆಮೇಲೆ ಅದನ್ನು ನಾಯಿ ತಿನ್ನುತ್ತಿತ್ತು. ಇದರಲ್ಲಿ ನಗುವಂಥದ್ದು ಏನೋ ಇದೆ ಎಂದು ನನಗೆ ಗೊತ್ತಾದದ್ದು ತಿರುಪ್ಪೂರಿಗೆ ಬಂದ ಮೇಲೆ, ಯಾರಿಗೋ ಹೇಳಿ ಅವರು ನಕ್ಕಾಗ.

ಆ ಮನೆಯಲ್ಲಿ, ಹೊರಬಾಗಿಲು ಬಿಟ್ಟರೆ, ಮುಚ್ಚಿಕೊಳ್ಳುವ ಬಾಗಿಲುಗಳಿದ್ದದ್ದು ಉಗ್ರಾಣಕ್ಕೆ ಮತ್ತು ಕಾರಿಗೆ. ಪಡಸಾಲೆಯಲ್ಲಿ ಮಾತಾಡಿದರೆ ಅಡುಗೆಮನೆಗೆ ಕೇಳುತ್ತಿತ್ತು, ಅಡುಗೆಮನೆಯಲ್ಲಿ ಅತ್ತರೆ ಜಗಲಿಗೆ ಕೇಳುತ್ತಿತ್ತು. ಭಾನುವಾರ ಮಧ್ಯಾಹ್ನ ಅಪ್ಪ ನನ್ನನ್ನು ಕರೆದುಕೊಂಡು ಕಾರಿನಲ್ಲಿ ಕೂತು, ಎರಡೂ ಬಾಗಿಲು ಎಳೆದುಕೊಂಡು, ಹುರಿದ ಕಡಲೆಕಾಯಿ ಬಿಡಿಸುತ್ತಿದ್ದರು. ಸಿಪ್ಪೆ ಒಂದೂ ಕೆಳಗೆ ಬೀಳುವ ಹಾಗಿಲ್ಲ, ನನ್ನ ಲಂಗದ ಮಡಿಲಲ್ಲೇ ಸೇರಬೇಕು. ಅಪ್ಪ ಹೆಚ್ಚು ಮಾತಾಡುವವರಲ್ಲ. ಎತ್ತು ತಡಿಕೆಯ ಆಚೆ ಮೆಲುಕು ಹಾಕುತ್ತಿತ್ತು, ನಾವು ಈಚೆ. ಆ ಕಾರಿಗೆ ಇದ್ದದ್ದು ಒಂದೇ ಬೀಗದಕೈ. ಬಾಗಿಲಿಗೂ ಅದೇ, ಇಂಜಿನ್ನಿಗೂ ಅದೇ. ಅಪ್ಪ ಅದನ್ನು ಉಡಿದಾರಕ್ಕೆ ಕಟ್ಟಿಕೊಂಡಿರುತ್ತಿದ್ದರು. ಕಾಲುವೆಯಲ್ಲಿ ಮುಳುಗಿದಾಗಲೂ ಬಿಚ್ಚುತ್ತಿರಲಿಲ್ಲ.

ಒಂದು ಮಧ್ಯಾಹ್ನ ಊಟ ಮಾಡಿ ಜಗಲಿಯಲ್ಲಿ ಮಲಗಿದ ಅಪ್ಪ ಏಳಲಿಲ್ಲ. ಆಗ ನಾನು ಎರಡು ಜಡೆ ಹಾಕಿಕೊಂಡು ಊರಿನ ತಮಿಳು ಶಾಲೆಗೆ ಹೋಗುತ್ತಿದ್ದ ಹುಡುಗಿ. ಅಳಬೇಕೆಂದು ಹೆಂಗಸರು ನನ್ನ ತಲೆ ಹಿಡಿದು ಅಲುಗಿಸಿದರು. ಬರಲಿಲ್ಲ. ಮೈ ತೊಳೆಸುವಾಗ ದೊಡ್ಡಪ್ಪ ಉಡಿದಾರ ಕತ್ತರಿಸಿ ಬೀಗದಕೈಯನ್ನು ಅಜ್ಜಿಯ ಅಂಗೈಯಲ್ಲಿಟ್ಟರು. ಅಜ್ಜಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆ ದಿನದಿಂದ ನನಗೆ ಉಳಿದಿರುವುದು ಇಷ್ಟೇ: ಯಾರೋ ಮಾಡಿದ ಹುರುಳಿ ಸಾರಿನಲ್ಲಿ ಉಪ್ಪಿರಲಿಲ್ಲ, ನಾನು ಪೂರ್ತಿ ತಿಂದೆ.

ಆಮೇಲೆ ಮನೆ ಮೊದಲಿನಂತೆಯೇ ನಡೆಯಿತು. ಅದೇ ವಿಚಿತ್ರ. ಅವ್ವನ ಹಾಸಿಗೆ ಮಾತ್ರ ಪಡಸಾಲೆಯ ಕೋಣೆಯಿಂದ ಉಗ್ರಾಣಕ್ಕೆ ಬಂತು. ಯಾರೂ ಹೋಗು ಎಂದು ಹೇಳಲಿಲ್ಲ. ಒಂದು ದಿನ ಆ ಕೋಣೆಯಲ್ಲಿ ಗೊಬ್ಬರದ ಚೀಲ ಪೇರಿಸಿದ್ದರು, ಅಷ್ಟೇ. ಅವ್ವ ಎಲ್ಲರಿಗಿಂತ ಮೊದಲು ಏಳುತ್ತಿದ್ದಳು, ಎಲ್ಲರೂ ಉಂಡ ಮೇಲೆ ಉಣ್ಣುತ್ತಿದ್ದಳು. ಮುದ್ದೆ ಗಟ್ಟಿಯಾದರೆ ದೊಡ್ಡಮ್ಮ ಗೊಣಗುತ್ತಿದ್ದಳು, ಮೆತ್ತಗಾದರೆ ಅಜ್ಜಿ. ನಾನು ದೊಡ್ಡವಳಾದ ಮೇಲೆ ಶಾಲೆ ಬೇಡ ಎಂದು ದೊಡ್ಡಪ್ಪ ಒಮ್ಮೆ ಉಣ್ಣುತ್ತ ಉಣ್ಣುತ್ತ ಹೇಳಿದರು, ಇನ್ನಷ್ಟು ಮಜ್ಜಿಗೆ ಹಾಕು ಎನ್ನುವ ದನಿಯಲ್ಲೇ. ಅವ್ವ ಮಜ್ಜಿಗೆ ಹಾಕಿದಳು.

ತಿರುಪ್ಪೂರಿನಲ್ಲಿ ಅವ್ವನ ತಮ್ಮ, ನನ್ನ ಸೋದರಮಾವ, ಒಂದು ಬನಿಯನ್ ಕಂಪನಿಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದ. ಆ ಕಾಲದಲ್ಲಿ ತಿರುಪ್ಪೂರಿನ ಓಣಿ ಓಣಿಯಲ್ಲಿ ಹೊಲಿಗೆ ಯಂತ್ರ ತಿರುಗುತ್ತಿತ್ತು. ಅವನು ಬಂದು ಉಗ್ರಾಣದ ಹೊಸ್ತಿಲ ಮೇಲೆ ಕೂತು ಹೇಳಿದ:

"ಅಕ್ಕಾ, ಕಂಪನಿ ಪಕ್ಕ ಒಂದು ಶೆಡ್ಡು ಖಾಲಿ ಆಗ್ತದೆ. ನೀನು ನಾಲ್ಕು ಮೆಷಿನ್ ಹಾಕು, ಹೊಲಿಯೋಕೆ ಪೀಸ್ ನಾನು ತಂದು ಕೊಡ್ತೀನಿ. ಹುಡುಗಿನ ಅಲ್ಲೇ ಸ್ಕೂಲಿಗೆ ಸೇರಿಸು. ಆದ್ರೆ ಮೆಷಿನ್ ಇಲ್ದೆ ಬಂದ್ರೆ ನೀನು ಕೂಲಿ. ಅಲ್ಲೂ ಕೂಲಿ, ಇಲ್ಲೂ ಕೂಲಿ."

"ನನ್ನತ್ರ ಏನೈತೆ, ತಂಬಿ?"

"ಕೊಟ್ಟಿಗೇಲಿ ನಿಂತೈತಲ್ಲ."

ಅವ್ವ ಅಜ್ಜಿಯನ್ನು ಕೇಳಿದಾಗ ನಾನು ಅಲ್ಲೇ ಇದ್ದೆ. ಅಜ್ಜಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ನಿನ್ನ ಗಂಡಂದು. ಮಾರ್ಕೋ" ಎಂದಳು. ಬಹಳ ಸುಲಭವಾಗಿ ಮುಗಿಯಿತು ಎಂದು ನಾವು ಅಂದುಕೊಂಡೆವು. ಈಗ ನಾನೂ ಹೊಲಿಗೆ ಯಂತ್ರ ಇಟ್ಟು ವ್ಯಾಪಾರ ಮಾಡುವವಳು; ವ್ಯಾಪಾರಕ್ಕೆ ಇಳಿಯುವವರಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಎದುರಿನವರು ಯೋಚಿಸದೆ ಒಪ್ಪಿದರೆ, ಅವರಿಗೆ ಇನ್ನೂ ವಿಷಯ ತಲುಪಿಲ್ಲ ಎಂದರ್ಥ. ಅದು ತಲುಪುವ ಹೊತ್ತಿಗೆ ಲಾರಿ ಬಾಗಿಲಿಗೆ ಬಂದಿರುತ್ತದೆ.

ಮಾವ ತಮಿಳು ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಿದ. ಒಳ್ಳೆಯ ಸ್ಥಿತಿಯಲ್ಲಿರುವ ಹಳೆಯ ಅಮೆರಿಕನ್ ಕಾರು, ಎರಡು ಬಾಗಿಲು, ಮಾರಾಟಕ್ಕಿದೆ ಎಂದು. ದೊಡ್ಡಪ್ಪ ಅದನ್ನು ಓದಿಸಿಕೊಂಡು ಸಿಡಿಮಿಡಿಗೊಂಡರು. "ಎರಡೇ ಬಾಗಿಲು ಅಂತ ಊರಿಗೆಲ್ಲ ಯಾಕೆ ಸಾರಬೇಕು? ಕೊರತೇನ ನಾವೇ ಹೇಳ್ಕೊಂಡ್ರೆ ಯಾರು ಬರ್ತಾರೆ?" ಕಾರು ಮಾರಿ ಗೊತ್ತಿರುವವರು ನಮ್ಮ ಸುತ್ತ ಯಾರೂ ಇರಲಿಲ್ಲ. ಮಾರುವುದೆಂದರೆ ದನ ಮಾರುವುದು. ಹಾಗಾಗಿ ದೊಡ್ಡಪ್ಪ ದನದ ದಲ್ಲಾಳಿ ಕುಪ್ಪಣ್ಣನಿಗೆ ಹೇಳಿ ಕಳಿಸಿದರು. ಕುಪ್ಪಣ್ಣ ಹೆಗಲ ಮೇಲೆ ಹಸಿರು ಪಟ್ಟಿಯ ಟವಲು ಹಾಕಿಕೊಂಡು, ಕೊಟ್ಟಿಗೆಗೆ ಬಂದು, ಕಾರಿನ ಸುತ್ತ ಬಲಗಡೆಯಿಂದ ಒಂದು ಸುತ್ತು, ಎಡಗಡೆಯಿಂದ ಒಂದು ಸುತ್ತು ಹಾಕಿದ. ಬೆನ್ನು ಸವರಿದ. ಕೂತು ಕಾಲು ನೋಡಿದ. ಮುಂದಿನ ಬೆಳ್ಳಿಯಂಥ ಸರಳುಗಳನ್ನು ಒಂದೊಂದಾಗಿ ಮುಟ್ಟಿದ.

"ಹಲ್ಲು ಪೂರ್ತಿ ಇದೆ ಆತ್ತಾ. ಮೈ ಮೇಲೆ ಕೆಟ್ಟ ಸುಳಿ ಒಂದೂ ಇಲ್ಲ. ನಿಮ್ಮ ಮಗ ಮಗು ಸಾಕಿದ ಹಾಗೆ ಸಾಕಿದಾನೆ" ಎಂದ ಅಜ್ಜಿಗೆ. ನಮ್ಮ ಕೊಂಗು ಸೀಮೆಯಲ್ಲಿ ದೊಡ್ಡ ಹೆಂಗಸರನ್ನೆಲ್ಲ ಆತ್ತಾ ಎನ್ನುವುದು, ಮರ್ಯಾದೆಗೆ ಮಾತಿನ ತುದಿಗೆ 'ಊಂಗ' ಸೇರಿಸುವುದು.

"ಹಾಲು ಕೊಡಲ್ಲ, ಗದ್ದೆ ಉಳಲ್ಲ. ಯಾರು ಕೊಳ್ತಾರೆ ಕುಪ್ಪಣ್ಣ?" ಎಂದರು ದೊಡ್ಡಪ್ಪ.

"ಅದೆಲ್ಲ ಕೊಳ್ಳೋನ ತಲೆನೋವೂಂಗ. ನೀವು ಮಾತ್ರ ಬಾಯಿ ಬಿಡಬೇಡಿ."

ಕೊಯಮತ್ತೂರಿನಿಂದ ಬಂದವನು ಯಾವುದೋ ನೂಲಿನ ಮಿಲ್ಲಿನ ಮುದಲಾಳಿ, ಅಂದರೆ ಯಜಮಾನ; ಬಿಳಿ ಶರಟು, ಬಿಳಿ ಪ್ಯಾಂಟು. ಹಳೆಯ ಕಾರುಗಳನ್ನು ಕೂಡಿಡುವ ಚಟ. ಜೊತೆಗೆ ಗಾಂಧಿಪುರಂ ಕಡೆಯ ಒಬ್ಬ ಮೆಕ್ಯಾನಿಕ್, ಹಿಂದೆ ಒಂದು ಲಾರಿ. ಅಪ್ಪ ಹೋದ ಮೇಲೆ ಇಂಜಿನ್ನಿಗೆ ಯಾರೂ ಜೀವ ಕೊಟ್ಟಿರಲಿಲ್ಲ, ಬ್ಯಾಟರಿ ಸತ್ತಿತ್ತು. ಬೆಳಕಿನಲ್ಲಿ ನೋಡಬೇಕು ಎಂದ ಮುದಲಾಳಿ. ಅಜ್ಜಿ ಬಂದು ಬಾಗಿಲಿನ ಬೀಗ ತೆಗೆದು, ಬೀಗದಕೈಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು. ಅವ್ವ ಎತ್ತಿನ ಜೋಡಿ ಬಿಚ್ಚಿ ತಂದಳು. ಬಾವಿಯಿಂದ ನೀರೆತ್ತುವ ಕಪಿಲೆಗೆ ಬಳಸುತ್ತಿದ್ದ ದಪ್ಪ ಹಗ್ಗವನ್ನು ಕಾರಿನ ಕೆಳಗೆ ಬಿಗಿದರು. ಮಾವ ಒಳಗೆ ಕೂತು ಸ್ಟಿಯರಿಂಗ್ ಹಿಡಿದ. ಎತ್ತುಗಳು ಕಾರನ್ನು ಕೊಟ್ಟಿಗೆಯಿಂದ ಅಂಗಳಕ್ಕೆ ಎಳೆದು ತಂದವು. ಬಿಸಿಲಿನಲ್ಲಿ ಅದನ್ನು ನೋಡಿ ಮುದಲಾಳಿ ಒಂದು ಹೆಜ್ಜೆ ಹಿಂದೆ ಸರಿದ. ಕೈ ಕಟ್ಟಿಕೊಂಡ.

ದೊಡ್ಡಪ್ಪ ತಡೆದುಕೊಳ್ಳಲಾರದೆ ತಮಿಳಿನಲ್ಲಿ ಶುರುಮಾಡಿದರು. "ಎರಡೇ ಬಾಗಿಲೂಂಗ. ಅದೊಂದು ಕುಂದು. ಬೇಕಾದ್ರೆ ಹಿಂದೆ ಎರಡು ಕೊಯ್ದು ಇಡಿಸಿಕೊಳ್ಳಬಹುದು, ನಮ್ಮ ಆಚಾರಿ ಇದಾನೆ."

ಮೆಕ್ಯಾನಿಕ್ ಕೆಮ್ಮಿದ. ಮುದಲಾಳಿಯ ಮುಖ ಬಿಳಿಚಿಕೊಂಡಿತು. "ಅಯ್ಯಯ್ಯೋ, ಯಾರೂ ಏನೂ ಕೊಯ್ಯಬೇಡಿ" ಎಂದ. ಆಗ ಕುಪ್ಪಣ್ಣನಿಗೆ ತಿಳಿಯಿತು, ನನಗೂ ತಿಳಿಯಿತು: ಇವನು ಬಂದಿರುವುದೇ ಆ ಎರಡು ಬಾಗಿಲಿಗೆ. ಮಾರುವ ವಸ್ತುವಿನ ಕುಂದನ್ನು ನೀವಾಗಿ ಹೇಳಲು ಹೋಗಬೇಡಿ. ಮೋಸ ಮಾಡಿ ಎನ್ನುತ್ತಿಲ್ಲ, ಕೇಳಿದರೆ ಹೇಳಿ. ಆದರೆ ಯಾವುದು ಕುಂದು, ಯಾವುದು ಬೆಲೆ ಎನ್ನುವುದು ಕೊಳ್ಳುವವನ ಮುಖದಲ್ಲಿರುತ್ತದೆ, ನಿಮ್ಮ ತಲೆಯಲ್ಲಲ್ಲ. ನನ್ನ ವ್ಯಾಪಾರವೆಲ್ಲ ನಡೆದದ್ದು ಆ ಒಂದು ಮುಖ ನೋಡಿದ್ದರಿಂದ.

ಕುಪ್ಪಣ್ಣ ಟವಲನ್ನು ಮುದಲಾಳಿಯ ಕೈ ಮೇಲೆ ಹಾಸಿ, ಅದರ ಕೆಳಗೆ ತನ್ನ ಕೈ ಸೇರಿಸಿದ. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ, ಬಟ್ಟೆಯ ಕೆಳಗೆ ಬೆರಳು ಹಿಡಿದು ತಿಳಿಸುವುದು. ಮುದಲಾಳಿಗೆ ಕಚಗುಳಿಯಾಯಿತೋ ಏನೋ, ನಕ್ಕ. ಕುಪ್ಪಣ್ಣ ನಗಲಿಲ್ಲ. ಬೆರಳು ಹಿಡಿದು, ಇದು ಇಷ್ಟು, ಇದು ಇಷ್ಟು ಎಂದು ಅವನ ಕಿವಿಯಲ್ಲಿ ಹೇಳಿಕೊಟ್ಟ. ಹೆಂಗಸರು ಆ ಟವಲಿನ ಹತ್ತಿರ ಹೋಗುವ ಹಾಗಿಲ್ಲ. ಆದರೆ ಕಾರು ಅವ್ವನದು. ಅವಳು ಬಾಗಿಲ ಮರೆಯಲ್ಲಿ ಅಕ್ಕಿ ಅಳೆಯುವ ಪಡಿ ಹಿಡಿದು ನಿಂತಿದ್ದಳು. ಕುಪ್ಪಣ್ಣ ಮುದಲಾಳಿ ಹಿಡಿದ ಬೆರಳುಗಳನ್ನು ಬೆನ್ನ ಹಿಂದೆ ಇನ್ನೊಂದು ಕೈಯಲ್ಲಿ ಅವಳಿಗೆ ತೋರಿಸುವುದು, ಅವಳು ಬೇಡವೆಂದರೆ ಪಡಿಯನ್ನು ಬಾಗಿಲ ಚೌಕಟ್ಟಿಗೆ ಒಮ್ಮೆ ತಟ್ಟುವುದು. ತಟ್ಟಿದಳು. ಮತ್ತೆ ತಟ್ಟಿದಳು. ಒಳಗೆ ಯಾರೋ ಅಕ್ಕಿ ಅಳೆಯುತ್ತಿದ್ದಾರೆ ಎಂದು ಮುದಲಾಳಿ ಅಂದುಕೊಂಡಿರಬೇಕು. ಕೊನೆಗೊಮ್ಮೆ ಪಡಿ ಸುಮ್ಮನಾಯಿತು. ಕುಪ್ಪಣ್ಣ ಟವಲು ಎಳೆದು ಹೆಗಲಿಗೆ ಹಾಕಿಕೊಂಡ. ನಾಲ್ಕು ಯಂತ್ರಕ್ಕೆ ಸಾಲುವಷ್ಟು, ಶೆಡ್ಡಿನ ಮುಂಗಡಕ್ಕೂ ಆಗುವಷ್ಟು.

"ಸಾವಿ ಕೊಟ್ರೆ ಲಾರಿಗೆ ಹತ್ತಿಸ್ತೀವಿ" ಎಂದ ಮೆಕ್ಯಾನಿಕ್, ಬೀಗದಕೈಗೆಂದು ಕೈ ಚಾಚಿ.

ಅಜ್ಜಿ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. "ಕೊಡೋಕಾಗಲ್ಲ" ಎಂದಳು.

ಎಲ್ಲರೂ ಅವಳ ಕಡೆ ತಿರುಗಿದರು.

"ಮಾರಿದ ಮೇಲೆ ಹಗ್ಗ ಕೊಡೋ ವಾಡಿಕೆ ಈ ಮನೇಲಿ ಇಲ್ಲ. ಅವನು ಬೇರೆ ತರಲಿ."

ನಮ್ಮಲ್ಲಿ ದನ ಮಾರಿದರೆ ದನ ಹೋಗುತ್ತದೆ, ಅದರ ಹಗ್ಗ ಹೋಗುವುದಿಲ್ಲ. ಕೊಂಡವನು ತನ್ನ ಹೊಸ ಹಗ್ಗ ತಂದು ಕಟ್ಟಿ ಹೊಡೆದುಕೊಂಡು ಹೋಗಬೇಕು. ಹಳೆಯ ಹಗ್ಗ ಗೂಟದಲ್ಲೇ ಉಳಿಯುತ್ತದೆ. ಹಗ್ಗ ಕೊಟ್ಟರೆ ಕೊಟ್ಟಿಗೆಯ ಲಕ್ಷ್ಮಿ ಅದನ್ನೇ ಹಿಡಿದುಕೊಂಡು ಹೊರಟುಹೋಗುತ್ತಾಳೆ ಎಂದು. ನಾನು ಇವತ್ತಿಗೂ ಹಳೆಯ ಹೊಲಿಗೆ ಯಂತ್ರ ಮಾರುವಾಗ ಅದರ ಬೆಲ್ಟು ಬಿಚ್ಚಿಟ್ಟುಕೊಂಡು, ಹೊಸ ಬೆಲ್ಟು ಹಾಕಿಕೊಳ್ಳಿ ಎನ್ನುತ್ತೇನೆ. ಕೊಳ್ಳುವವರು ಇವಳಿಗೆ ಜಿಪುಣತನ ಎಂದುಕೊಳ್ಳುತ್ತಾರೆ. ಅಂದುಕೊಳ್ಳಲಿ.

ಮುದಲಾಳಿಗೆ ಕುಪ್ಪಣ್ಣ ತಮಿಳಿನಲ್ಲಿ ವಿವರಿಸಿದ. ಮುದಲಾಳಿ ಮೊದಲು ನಕ್ಕ, ಆಮೇಲೆ ಗಡಿಯಾರ ನೋಡಿಕೊಂಡ. "ಇದು ಹಳೇ ಮಾಡಲ್ ಗಾಡಿ ಅಮ್ಮಾ, ಅದರ ಸ್ವಂತ ಸಾವಿ ಇಲ್ಲದಿದ್ದರೆ ನನಗೆ ಬೇಡ. ಪೊಳ್ಳಾಚಿಯಲ್ಲಿ ಇನ್ನೊಂದು ನೋಡೋದಿದೆ" ಎಂದ. ಮೆಕ್ಯಾನಿಕ್ ಲಾರಿಯವನಿಗೆ ಕೈ ತೋರಿಸಿದ. ದೊಡ್ಡಪ್ಪ ಒಮ್ಮೆಲೇ ಕೂಗಾಡಿದರು.

"ಕಾರಿಗೆ ಎಲ್ಲಿ ಹಗ್ಗ ಐತೆ ಅವ್ವಾ? ಅದು ಎತ್ತಾ? ಮೂಗುದಾರ ಹಾಕಿದ್ಯಾ?"

"ಆರತಿ ಎತ್ತುವಾಗ ಕೇಳ್ಬೇಕಿತ್ತು ನೀನು" ಎಂದಳು ಅಜ್ಜಿ. ಸೆರಗಿನ ಗಂಟು ಅವಳ ಮುಷ್ಟಿಯಲ್ಲಿತ್ತು. ಆ ಮುಷ್ಟಿಯನ್ನು ಬಿಡಿಸಲು ಹೋದರೆ ಏನಾಗುತ್ತದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅದು ಮಗನ ಸೊಂಟದಿಂದ ಬಂದದ್ದು. ಲಾರಿಯ ಇಂಜಿನ್ ಶುರುವಾಯಿತು. ನಾನು ಅವ್ವನ ಮುಖ ನೋಡಿದೆ. ಅಲ್ಲಿ ಕೋಪ ಇರಲಿಲ್ಲ, ಅಳು ಇರಲಿಲ್ಲ. ಮಜ್ಜಿಗೆ ಹಾಕುವಾಗಿನ ಮುಖವೇ.

ಅವ್ವ ಬಾಗಿಲ ಮರೆಯಿಂದ ಹೊರಗೆ ಬಂದಳು. ಗಂಡಸರ ನಡುವೆ ಹಾದು ಅಂಗಳಕ್ಕೆ ಇಳಿದು, ಕಾರಿನ ಮುಂದೆ ಮಂಡಿಯೂರಿ, ಕೆಳಗೆ ಬಿಗಿದಿದ್ದ ಕಪಿಲೆ ಹಗ್ಗದ ಗಂಟನ್ನು ಹಲ್ಲಿನಿಂದ ಸಡಿಲಿಸಿ ಬಿಚ್ಚಿದಳು. ಅದನ್ನು ಸುರುಳಿ ಸುತ್ತಿ ತಂದು ಅಜ್ಜಿಯ ಮಡಿಲಲ್ಲಿಟ್ಟಳು.

"ಅತ್ತೆ, ಇದು ಅದರ ಹಗ್ಗ. ಕೊಟ್ಟಿಗೆಯಿಂದ ಹೊರಗೆ ಬಂದದ್ದು ಇದರಲ್ಲೇ. ನೀವೇ ನೋಡಿದ್ರಿ. ಇದನ್ನ ಕೊಡಲ್ಲ."

ಅಜ್ಜಿ ಹಗ್ಗವನ್ನು ನೋಡಿದಳು. ಅದು ಬಾವಿಯ ಹಗ್ಗವೆಂದು ಅವಳಿಗೆ ಗೊತ್ತು, ಹೊಸೆಸಿದ್ದೇ ಅವಳು. ಅವಳು ಅದನ್ನು ಎತ್ತಿ ಮೂಸಿದಳು. ಅದರಲ್ಲಿ ಎತ್ತಿನ ವಾಸನೆ ಬಿಟ್ಟು ಬೇರೇನು ಇದ್ದೀತು. ಕುಪ್ಪಣ್ಣ, ದಿನಾಲೂ ನಡೆಯುವ ವ್ಯವಹಾರ ಎಂಬಂತೆ, "ಸರಿಯಾಗೈತೆ ಆತ್ತಾ. ಹಗ್ಗ ಮನೇಲಿ ಉಳೀತು. ಇನ್ನು ಸಾವಿ ಅಂದ್ರೆ ಕೊರಳ ಗಂಟೆ ಇದ್ದ ಹಾಗೆ. ಗಂಟೆ ದನದ ಜೊತೆ ಹೋಗ್ತದಲ್ಲ" ಎಂದ. ಗಂಟೆ ದನದ ಜೊತೆ ಹೋಗುವುದಿಲ್ಲ. ಅದನ್ನೂ ಬಿಚ್ಚಿಟ್ಟುಕೊಳ್ಳುತ್ತಾರೆ. ಅದು ಕುಪ್ಪಣ್ಣನಿಗೂ ಗೊತ್ತು, ಅಜ್ಜಿಗೂ ಗೊತ್ತು.

ಅಜ್ಜಿಯ ಬೆರಳಿಗೆ ಗಂಟು ಬಿಚ್ಚಲಾಗಲಿಲ್ಲ. "ರಂಗಿ, ಬಾ ಇಲ್ಲಿ ಕಂದ" ಎಂದು ನನ್ನನ್ನು ಕರೆದಳು. ನಾನು ಬಿಚ್ಚಿದೆ. ಬೀಗದಕೈ ಬೆಚ್ಚಗಿತ್ತು. ಅದನ್ನು ತೆಗೆದುಕೊಂಡು ಹೋಗಿ ಮುದಲಾಳಿಯ ಕೈಗೆ ಕೊಟ್ಟೆ. ಅವನು ತನ್ನದೇ ಸರಪಣಿ ತಂದಿದ್ದ. ಅದರಲ್ಲಿ ಕಟ್ಟಿ, ಹಲಗೆಗಳ ಮೇಲೆ ಎಳೆದು ಕಾರನ್ನು ಲಾರಿಗೆ ಹತ್ತಿಸಿದರು. ಎದುರಿನವರ ಕೈ ಮುಷ್ಟಿಯಾಗಿದ್ದರೆ ಬೆಲೆ ಏರಿಸಿ ಪ್ರಯೋಜನವಿಲ್ಲ, ಕಾರಣ ಹೇಳಿ ಪ್ರಯೋಜನವಿಲ್ಲ. ಅವರು ಹಿಡಿದುಕೊಳ್ಳಲು ಬೇರೆ ಏನಾದರೂ ಕೊಡಬೇಕು. ಇದನ್ನು ನಾನು ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದೇನೆ. ಅದನ್ನು ಕಲಿತ ದಿನ ನನಗೆ ಏನಾದರೂ ಅನ್ನಿಸಿತೇ ಎಂದು ಕೇಳಿದರೆ, ಇಲ್ಲ. ಲಾರಿ ಕಾಲುವೆಯ ಏರಿಯ ಮೇಲೆ ತಿರುಗುವವರೆಗೂ ನಾನು ನಿಂತು ನೋಡಿದೆ. ಆಮೇಲೆ ಎತ್ತುಗಳಿಗೆ ನೀರು ಕುಡಿಸಿದೆ.

ಕೊಟ್ಟಿಗೆಯಲ್ಲಿ ಕಾರು ನಿಂತಿದ್ದ ಜಾಗ ಹಾಗೇ ಉಳಿಯಿತು. ಅಲ್ಲಿ ನೆಲ ಸಗಣಿಯಿಲ್ಲದೆ, ಧೂಳಿಲ್ಲದೆ, ಉದ್ದಕ್ಕೆ ಬೆಳ್ಳಗಿತ್ತು. ಅಜ್ಜಿ ಅಲ್ಲಿ ಒಂದು ಗೂಟ ಹೊಡೆಸಿ, ಕಪಿಲೆ ಹಗ್ಗವನ್ನು ಅದಕ್ಕೆ ಕಟ್ಟಿಸಿದಳು. ನೀರು ಎತ್ತಲು ದೊಡ್ಡಪ್ಪ ಹೊಸ ಹಗ್ಗ ತರಬೇಕಾಯಿತು. ಅದಕ್ಕೆ ಬೈದರು.

ನಾವು ಹೊರಟದ್ದು ಒಂದು ಬುಧವಾರ ಬೆಳಿಗ್ಗೆ. ಉಡುಮಲೆಗೆ ಹೋಗಿ ಅಲ್ಲಿಂದ ಪಲ್ಲಡದ ಮೇಲೆ ತಿರುಪ್ಪೂರಿಗೆ ಬಸ್ಸು. ಅವ್ವನ ತಲೆಯ ಮೇಲೆ ಒಂದು ಟ್ರಂಕು, ನನ್ನ ಕೈಯಲ್ಲಿ ಒಂದು ಬಟ್ಟೆಯ ಗಂಟು. ದೊಡ್ಡಮ್ಮ ದಾರಿಗೆಂದು ಹುಳಿಯನ್ನ ಕಟ್ಟಿಕೊಟ್ಟಳು, ಅದರಲ್ಲಿ ಕಡಲೆಕಾಯಿ ಬೀಜ ಧಾರಾಳವಾಗಿ ಹಾಕಿದ್ದಳು. ದೊಡ್ಡಪ್ಪ ಹೊಲದಲ್ಲಿದ್ದರು. ಅವ್ವ ಅಜ್ಜಿಯ ಕಾಲಿಗೆ ಬಿದ್ದು ಎದ್ದಳು. ನಾನೂ ಬಿದ್ದೆ. ಏಳುವಾಗ ಅಜ್ಜಿ ನನ್ನ ಹೆಗಲು ಹಿಡಿದು ತಿರುಗಿಸಿ ನಿಲ್ಲಿಸಿದಳು.

"ಸುಮ್ನೆ ನಿಂತ್ಕೋ."

ನನ್ನ ಎಡಗಡೆಯ ಜಡೆಯ ತುದಿಯಲ್ಲಿ ಅವಳ ಬೆರಳು ಆಡಿತು. ಬಲಗಡೆಯದರಲ್ಲೂ. ಅವ್ವ ಅವತ್ತು ಬೆಳಿಗ್ಗೆ ಬಿಗಿಯಾಗಿ ಕಟ್ಟಿದ್ದ ಕೆಂಪು ರಿಬ್ಬನ್ನುಗಳನ್ನು ಅಜ್ಜಿ ಎರಡನ್ನೂ ಬಿಚ್ಚಿಕೊಂಡಳು. ಸುರುಳಿ ಸುತ್ತಿ ಸೆರಗಿನ ತುದಿಯಲ್ಲಿಟ್ಟು, ಬೀಗದಕೈ ಇದ್ದ ಜಾಗದಲ್ಲೇ ಗಂಟು ಹಾಕಿದಳು.

"ಹೊಸದನ್ನ ಅಲ್ಲಿ ತಗೊಡ್ತಾಳೆ ನಿಮ್ಮವ್ವ. ಹೋಗು. ಬಸ್ಸು ಬರ್ತದೆ."

ಅವ್ವ ಟ್ರಂಕನ್ನು ತಲೆಗೇರಿಸಿಕೊಂಡಳು. ನಾವು ಏರಿಯ ಮೇಲೆ ನಡೆದೆವು. ನನ್ನ ಎರಡೂ ಜಡೆಗಳು ದಾರಿಯುದ್ದಕ್ಕೂ ತಾವಾಗಿಯೇ ಬಿಚ್ಚಿಕೊಳ್ಳುತ್ತ ಬಂದವು. ಬಸ್ಸಿನಲ್ಲಿ ಗಾಳಿಗೆ ಕೂದಲು ಮುಖದ ಮೇಲೆಲ್ಲ ಹಾರಿತು. ನಾನು ಸರಿಸಿಕೊಳ್ಳಲಿಲ್ಲ.